ದಿ. ಬಾಳವ್ವ ಕೋಂ ಫಕ್ಕೀರಪ್ಪ

ಒಂದು ಕಾಗದವನ್ನು ಯಾವ ಮನುಷ್ಯನೂ ಪೂರ್ತಿಯಾಗಿ ನೋಡದಂತೆ, ಆದರೆ ಒಂದಕ್ಷರವೂ ಬಿಟ್ಟುಹೋಗದಂತೆ ಓದಿಸಬಹುದೇ? 'ಕಪಾಟು' ಎಂಬ ಆ್ಯಪ್‌ಗೆ ಸ್ಕ್ಯಾನ್ ಮಾಡುವ ಸೌಲಭ್ಯ ಸೇರಿಸಲು ಹೊರಟವರಿಗೆ ಎದುರಾದ ಪ್ರಶ್ನೆ ಇದೊಂದೇ.

ಅಲ್ಲಿಯವರೆಗೆ ಕಪಾಟು ಬರೀ ಕಪಾಟಾಗಿತ್ತು. ಕಚೇರಿಗಳು ಹೊರಡಿಸುವ ಹೊಸ ದಾಖಲೆಗಳು ತಾವಾಗಿಯೇ ಬಂದು ಅದರ ಖಾನೆಗಳಲ್ಲಿ ಕೂರುತ್ತಿದ್ದವು. ಟ್ರಂಕಿನ ತಳದಲ್ಲಿ, ಗಾದಿಯ ಕೆಳಗೆ, ದೇವರ ಫೋಟೋದ ಹಿಂದೆ ಇದ್ದ ಹಳೆಯ ಕೈಬರಹದ ಕಾಗದಗಳು ಮಾತ್ರ ಹೊರಗೇ ಉಳಿದಿದ್ದವು. ಅಷ್ಟರಲ್ಲಿ ಇನ್ನೊಂದು ಆ್ಯಪ್‌ನಿಂದ ಮೂರು ಜಿಲ್ಲೆಗಳ ಜನರ ಕಾಗದಗಳು ಸೋರಿಹೋಗಿ, ಯಾರಿಗೆ ಯಾವ ಕಾಯಿಲೆ, ಯಾವ ಮನೆಯಲ್ಲಿ ಯಾವ ಜಗಳ ಎಂಬುದೆಲ್ಲ ಬೀದಿಗೆ ಬಿತ್ತು. ಮಾಲೀಕನ ಹೊರತು ಯಾರೂ ಒಂದು ಪುಟವನ್ನು ಇಡಿಯಾಗಿ ನೋಡಕೂಡದೆಂದು ಕಾನೂನು ಬಂತು.

ಆಗ ರುಕ್ಸಾನಾ ನದಾಫ ಎಂಬ ಧಾರವಾಡದ ಇಂಜಿನಿಯರಿಗೆ ಒಂದು ಉಪಾಯ ಹೊಳೆಯಿತು. ಫೋನು ಕಾಗದದ ಚಿತ್ರ ತೆಗೆದ ಕೂಡಲೇ ತನ್ನೊಳಗೇ ಅದನ್ನು ಪದಪದವಾಗಿ ಕತ್ತರಿಸಿಬಿಡುತ್ತದೆ. ಯಾವ ಊರು, ಯಾರ ಕಾಗದ, ಹಿಂದಿನ ಪದ ಯಾವುದು, ಮುಂದಿನದು ಯಾವುದು ಎಂಬ ಗುರುತುಗಳನ್ನೆಲ್ಲ ಕಿತ್ತುಹಾಕಿ ಬರೀ ಚೂರುಗಳನ್ನು ಹೊರಗೆ ಕಳಿಸುತ್ತದೆ. ಹೆಚ್ಚಿನವನ್ನು ಯಂತ್ರ ಓದುತ್ತದೆ. ಯಂತ್ರಕ್ಕೆ ಬಗೆಹರಿಯದವು ಮನುಷ್ಯರ ಕಣ್ಣೆದುರಿಗೆ ಬರುತ್ತವೆ. ಓದಿದ ಪದ ಮರಳಿ ಹೋಗಿ ಮಾಲೀಕನ ಫೋನಿನಲ್ಲಿ ತನ್ನ ಜಾಗ ಸೇರಿಕೊಳ್ಳುತ್ತದೆ. ಚೂರು ಹೆಸರಿಲ್ಲದೆ ಉಗ್ರಾಣದಲ್ಲಿ ಬಿದ್ದಿರುತ್ತದೆ. ಯಾವುದು ಯಾರದೆಂದು ಉಗ್ರಾಣಕ್ಕೂ ಗೊತ್ತಿರುವುದಿಲ್ಲ; ಯಾವ ಓದುಗ ಯಾವ ಸರದಿಯಲ್ಲಿ ಓದಿದ ಎಂಬುದಷ್ಟೇ ಅಲ್ಲಿ ದಾಖಲಾಗಿರುತ್ತದೆ.

ಹಾಗೆ ಚೂರುಗಳನ್ನು ಓದುವ ಜಾಗಕ್ಕೆ ಓದುಮನೆ ಎಂದು ಹೆಸರು. ಧಾರವಾಡದ ಓದುಮನೆ ಮೊದಲು ಸೀರೆ ಅಂಗಡಿಯಾಗಿದ್ದ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಗೋಡೆಗಳಲ್ಲಿ ಆಳೆತ್ತರದ ಕನ್ನಡಿಗಳು ಹಾಗೇ ಇದ್ದವು. ಒಬ್ಬರ ಪರದೆ ಇನ್ನೊಬ್ಬರಿಗೆ ಕಾಣಬಾರದೆಂದು ಅವುಗಳ ಮೇಲೆ ಕಂದು ಕಾಗದ ಅಂಟಿಸಿದ್ದರು. ಇಪ್ಪತ್ತೆರಡು ಜನ ಓದುಗರು ಬೆನ್ನಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಓದಿದ್ದರ ಬಗ್ಗೆ ಮಾತಾಡುವಂತಿರಲಿಲ್ಲ. ಇಬ್ಬರ ಚೂರು ಕೂಡಿದರೆ ವಾಕ್ಯವಾದೀತು! ಊಟದ ಹೊತ್ತಿನಲ್ಲೂ ಬಿಸಿಲು, ಬದನೆಕಾಯಿ, ಬಸ್ಸು, ಇಷ್ಟರ ಮೇಲೇ ಮಾತು ನಿಲ್ಲುತ್ತಿತ್ತು. ಕೆಲಸಕ್ಕೆ ಸೇರುವಾಗ ಪ್ರತಿಯೊಬ್ಬರೂ ಮರೆವಿನ ಕರಾರಿಗೆ ಸಹಿ ಹಾಕಬೇಕಿತ್ತು. ಓದಿದ ಚೂರನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಂಡಿದ್ದು ತಿಳಿದರೆ ಅಂದೇ ಕೆಲಸ ಬಿಡುತ್ತೇನೆ ಎಂಬ ಕರಾರು.

ಮಾಲತೇಶ ಆ ಕರಾರಿಗೆ ಸಹಿ ಹಾಕಿ ಆರು ವರ್ಷವಾಗಿತ್ತು.

ಹಾವೇರಿ ಕಡೆಯವನು. ನಲವತ್ತೆರಡರ ಪ್ರಾಯ. ಕನ್ನಡ ಎಂ.ಎ. ಮುಗಿಸಿ ಒಂದು ವರ್ಷ ಶಾಸನಗಳ ಅಚ್ಚುಗಳನ್ನು ಓದಿದ್ದವನಾದ್ದರಿಂದ, ಉಳಿದ ಓದುಗರು ಕೈಬಿಟ್ಟ ಚೂರುಗಳು ಕೊನೆಗೆ ಅವನ ಪರದೆಗೆ ಬರುತ್ತಿದ್ದವು. ಅವನು ಓದಿದ್ದೇ ಓದು. ಅದರ ಮೇಲೆ ಇನ್ನೊಬ್ಬರ ಕಣ್ಣಿರಲಿಲ್ಲ. ದಿನಕ್ಕೆ ನಾಲ್ಕು ಸಾವಿರ ಚೂರು. 'ಕ್ಷೇಮ.' 'ಹೊರಟೆವು.' 'ಸೊಸಿ.' 'ಚಕ್ಕಬಂದಿ.' ಒಮ್ಮೊಮ್ಮೆ ಬರೀ ಒಂದು 'ಅಯ್ಯೋ.' ಯಾರ ಅಯ್ಯೋ, ಯಾತಕ್ಕೆ, ಕೇಳುವಂತಿರಲಿಲ್ಲ.

ಸಂಜೆ ಮಾಳಮಡ್ಡಿಯ ಬಾಡಿಗೆ ಕೋಣೆಗೆ ಮರಳಿದರೆ ಮನೆಯೊಡತಿ ಇಂದಿರಾಬಾಯಿ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದಳು:

"ಬಂದ್ರೇನ್ರಿ?"

"ಬಂದೆ ನೋಡ್ರಿ."

ಆ ಮನೆಯಲ್ಲಿ ಅವನ ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅನ್ನಕ್ಕಿಟ್ಟು, ಸಾರು ಬಿಸಿ ಮಾಡಿ ತಟ್ಟೆಯ ಮುಂದೆ ಕೂತಾಗ ಅಂದಿನ ಪದಗಳು ಒಂದೊಂದಾಗಿ ಬರುತ್ತಿದ್ದವು. ಅವನು ಕರೆಯುತ್ತಿರಲಿಲ್ಲ, ಅವು ಬರುತ್ತಿದ್ದವು. 'ಅವ್ವಗ' ಬಂದು ಕೂತ ಮೇಲೆ 'ಹೇಳಬ್ಯಾಡ' ಬಂದು ಪಕ್ಕದಲ್ಲಿ ಕೂರುತ್ತಿತ್ತು. ಎರಡೂ ಬೇರೆ ಬೇರೆ ಊರಿನವು, ಬೇರೆ ಕಾಲದವು ಇರಬಹುದು. ಆದರೂ ಯಾರೋ ಯಾರಿಗೋ ಆಡಿದ ಮಾತುಗಳು ಸುತ್ತ ಕೂತು ಅವನಿಗೆ ಊಟ ಮಾಡಿಸುತ್ತಿದ್ದವು. ಕರಾರು ಮುರಿಯುತ್ತಿದ್ದೇನೆಂಬ ಅಳುಕು ಮೊದಮೊದಲು ಇತ್ತು. ಆಮೇಲೆ ಅದೂ ಹೋಯಿತು. ತಟ್ಟೆಯ ಮುಂದೆ ಒಬ್ಬನೇ ಕೂರುವುದಕ್ಕಿಂತ ಅದು ವಾಸಿಯೆನಿಸಿತ್ತು.

ಒಂದು ಗುರುವಾರ ಮಧ್ಯಾಹ್ನ ಕೆಳಗಿನಿಂದ ಗಲಾಟೆ ಕೇಳಿಸಿತು. ಓದುಮನೆಗೆ ಬೋರ್ಡ್ ಇಲ್ಲ, ಹೊರಗಿನವರು ಬರುವ ಬಾಗಿಲೂ ಇಲ್ಲ. ಆದರೂ ಯಾರೋ ಹೆಂಗಸು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ರುಕ್ಸಾನಾ ಇಳಿದು ಹೋದಳು. ಸ್ವಲ್ಪ ಹೊತ್ತಿಗೆ ಮಾಲತೇಶನಿಗೆ ಕರೆ ಬಂತು.

"ಸರ್, ಸ್ವಲ್ಪ ಕೆಳಗ ಬರ್ರಿ. ಒಂದು ಅಕ್ಷರದ ತಕರಾರು ಐತಿ, ನೀವ ಬಗೆಹರಿಸಬೇಕು."

ಮೆಟ್ಟಿಲ ಮೇಲಿದ್ದವಳು ಐವತ್ತು ದಾಟಿದವಳು. ಮುಂಗೈವರೆಗೂ ಜೋಳದ ಹಿಟ್ಟು ಒಣಗಿ ಅಂಟಿತ್ತು. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳಂತೆ. ಕೆಲಸದಿಂದ ನೇರವಾಗಿ ಎದ್ದು ಬಂದಿದ್ದಳು.

"ಇವ್ರೇನವಾ ಅಕ್ಷರ ಓದಾವ್ರು?" ಎಂದಳು ರುಕ್ಸಾನಾಳಿಗೆ. ಆಮೇಲೆ ಅವನ ಕಡೆ ತಿರುಗಿದಳು. "ನಮಸ್ಕಾರ್ರಿ ಸಾಹೇಬ್ರ. ನಾ ಬಾಳವ್ವ. ಸತ್ತು ನಾಕು ತಿಂಗಳಾತು."

ಮಾಲತೇಶ ರುಕ್ಸಾನಾಳ ಕಡೆ ನೋಡಿದ.

"ನಗ್ರಿ, ನಗ್ರಿ. ಎಲ್ಲಾರೂ ನಗ್ತಾರ. ಸತ್ತಾಕಿ ದಿನಾ ಇನ್ನೂರು ರೊಟ್ಟಿ ಬಡೀತಾಳ. ತಿಂದಾವ್ರು ಯಾರೂ ಹೆದರಿಲ್ಲ."

ಅವಳು ಹೇಳಿದ್ದು ಇಷ್ಟು. ಗಂಡ ಫಕ್ಕೀರಪ್ಪನಿಗೆ ಪಾರ್ಶ್ವವಾಯು ಹೊಡೆದು ಬಾಯಿ ಬಿದ್ದುಹೋಗಿ ಎರಡು ವರ್ಷ. ಊರಾಚೆ, ಬಹಳ ದಿನ ಮಲಗುವ ರೋಗಿಗಳ ಆಸ್ಪತ್ರೆಯಲ್ಲಿ ಇದ್ದಾನೆ. ಅಲ್ಲಿನ ಗೇಟು ಕಪಾಟಿನ ಮಾತು ಕೇಳಿ ತೆರೆಯುತ್ತದೆ, ರಕ್ತಸಂಬಂಧಿಗೆ, ಇಲ್ಲವೇ ಹೆಂಡತಿ ಮಕ್ಕಳಿಗೆ ಮಾತ್ರ. ಮಕ್ಕಳಿಲ್ಲ. ತಾನು ಹೆಂಡತಿಯೆಂದು ತೋರಿಸಲು ಬಾಳವ್ವ ತನ್ನ ಕಡೆ ಇದ್ದ ಹಳೆಯ ಕಾಗದವನ್ನು ಸ್ಕ್ಯಾನ್ ಮಾಡಿಸಿದಳು. ಹಳ್ಳಿಯ ಹೆಡ್ಮಾಸ್ತರರು ಹಿಂದೊಮ್ಮೆ ಬರೆದುಕೊಟ್ಟಿದ್ದ ಗುರುತಿನ ಪತ್ರ ಅದು. ಸ್ಕ್ಯಾನ್ ಶಿಬಿರದವರು ಕಾಗದವನ್ನು ಅಲ್ಲೇ ತೆಗೆದುಕೊಂಡು ಚೀಲಕ್ಕೆ ಹಾಕಿದರು. ಇನ್ನು ಅದರ ಕೆಲಸವಿಲ್ಲ, ತೊಳೆದು ಹೊಸ ಕಾಗದ ಮಾಡುತ್ತಾರೆ ಎಂದರು. ಮೂರು ದಿನದ ಮೇಲೆ ಅವಳ ಫೋನಿಗೆ ಸಂದೇಶ ಬಂತು. ಕುಟುಂಬದವರ ದುಃಖದಲ್ಲಿ ಕಪಾಟು ಭಾಗಿಯಾಗಿದೆ ಎಂದು.

"ಯಾರು ಸತ್ರು ಅಂತ ನಾನೂ ಅತ್ತೆ, ಸಾಹೇಬ್ರ. ಮಗ್ಗಲ ಮನಿ ಹುಡುಗಿ ಓದಿ ಹೇಳಿತು, ಅತ್ತಿ, ನೀನ ಅಂತ."

"ಕಚೇರಿಗೆ ಹೋಗಿ ಹೇಳಲಿಲ್ಲೇನು?" ಎಂದ ಮಾಲತೇಶ.

"ಐದು ಕಚೇರಿ ಆತು. ಜೀವಂತ ಇದ್ದಿ ಅನ್ನಾಕ ಪ್ರಮಾಣಪತ್ರ ತಾ ಅಂತಾರ. ಪ್ರಮಾಣಪತ್ರ ಕಪಾಟಿನ್ಯಾಗ ಸಿಗ್ತೈತಿ ಅಂತಾರ. ಕಪಾಟಿಗೆ ಬೆರಳು ಒತ್ತಿದ್ರ ಸತ್ತಾವ್ರ ಬೆರಳು ನಡ್ಯಂಗಿಲ್ಲ ಅಂತೈತಿ. ಡಾಕ್ಟ್ರ ಕಡೆ ಹೋದ್ರ ನಿನ್ನ ಚೀಟಿನ ಇಲ್ಲವಾ ಅಂತಾನ, ನಾಡಿ ಹಿಡಕೊಂಡ ಹೇಳ್ತಾನ!"

ರುಕ್ಸಾನಾ ತಲೆ ತಗ್ಗಿಸಿದಳು. ಕಪಾಟಿನಲ್ಲಿ ಸಾವಿಗೆ ಒಂದು ದಾಖಲೆ ಸಾಕು, ಬದುಕಿಗೆ ಮೂರು ಬೇಕು ಎಂದು ನಿಯಮ ಮಾಡಿದವರಲ್ಲಿ ಅವಳೂ ಒಬ್ಬಳು. ಸತ್ತವರ ಹೆಸರಿನಲ್ಲಿ ಮೋಸ ನಡೆಯಬಾರದೆಂದು ಆಗ ಹಾಗೆ ಮಾಡಿದ್ದರು.

"ಆಸ್ಪತ್ರಿಯವ್ರು ನನ್ನ ಗಂಡಗೂ ಹೇಳಿಬಿಟ್ಟಾರ, ಹೇಣ್ತಿ ತೀರಿಕೊಂಡಾಳ ಅಂತ. ವಾರಸುದಾರ್ರು ಯಾರೂ ಇಲ್ಲಂತ ಸೋಮವಾರ ಅವನ್ನ ಬೀದರ ಕಡೆ ಯಾವುದೋ ದಿಕ್ಕಿಲ್ಲದಾವ್ರ ಮನಿಗೆ ಕಳಸ್ತಾರಂತ. ಅಲ್ಲಿಗೆ ಹೋದ ಮ್ಯಾಲೆ ಅವ ಬದುಕಂಗಿಲ್ಲ. ಇಲ್ಲಾದ್ರ ಬೇಲಿ ಹೊರಗಿಂದ ದಿನಾ ಮಾರಿ ನೋಡ್ತೇನಿ." ಹಿಟ್ಟಿನ ಕೈಯಿಂದಲೇ ಫೋನು ಚಾಚಿದಳು. "ಇದ ನೋಡ್ರಿ. ಯಾಕ ಸತ್ತಿ ಅಂತ ಕೇಳಿದ್ದಕ್ಕ ಇದನ್ನ ಕಳಿಸ್ಯಾರ."

ಆಕ್ಷೇಪಣೆಗೆ ಬಂದ ಉತ್ತರದಲ್ಲಿ ಅವಳ ಕಾಗದದ ಒಂದು ಸಾಲನ್ನು ಯಂತ್ರ ಹಾಗೇ ಎತ್ತಿ ಕೊಟ್ಟಿತ್ತು:

'ದಿವಂಗತ ಬಾಳವ್ವ ಕೋಂ ಫಕ್ಕೀರಪ್ಪ ಇವಳು ಇಂದು ನನ್ನ ಸಮಕ್ಷಮ ಹಾಜರಾಗಿ ತನ್ನ ಹೆಬ್ಬೆಟ್ಟಿನ ಗುರುತು ಒತ್ತಿರುತ್ತಾಳೆ.'

ಆರು ವರ್ಷಗಳಲ್ಲಿ ಮಾಲತೇಶ ಕಂಡ ಮೊದಲ ಇಡೀ ಸಾಲು ಅದು. ತಡೆಯಲಾರದೆ ನಕ್ಕುಬಿಟ್ಟ. ಸತ್ತವಳು ಹಾಜರಾಗಿ ಹೆಬ್ಬೆಟ್ಟು ಒತ್ತಿದ್ದಾಳೆ! ನಾಲ್ಕನೇ ಇಯತ್ತೆಯ ಹುಡುಗರಿಗೆ ತೋರಿಸಿದರೂ ತಪ್ಪು ಹಿಡಿದಾರು. ಆದರೆ ಹಿಡಿಯಲು ಸಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಬ್ಬನು 'ಹಾಜರಾಗಿ' ಓದಿದ್ದ, ಇನ್ನೊಬ್ಬಳು 'ಸಮಕ್ಷಮ' ಓದಿದ್ದಳು.

"ಕಾಗದದಾಗ ಬಾಳವ್ವ ಅನ್ನೋದಕ್ಕಿಂತ ಮೊದಲ ಏನಿತ್ತು, ನೆನಪೈತೇನವಾ?" ಎಂದ.

"ನಾ ಓದಿದಾಕಿ ಅಲ್ರಿ. ಮಾಸ್ತರ ಬರದು ಓದಿ ಹೇಳಿದ್ರು. ಹಸಿರು ಶಾಯಿಲೆ ತಾರೀಖು ಹಾಕಿದ್ರು. ನಾಕು ಮಡಿಕಿ ಮಾಡಿ ಎಲಿಯಡಿಕಿ ಚೀಲದಾಗ ಇಟ್ಟಿದ್ನಿ. ಮಡಿಕಿ ಇದ್ದಲ್ಲಿ ಅಳಿಸಿತ್ತು."

ರುಕ್ಸಾನಾ ಮತ್ತು ಮಾಲತೇಶ ಒಬ್ಬರ ಮುಖವನ್ನೊಬ್ಬರು ನೋಡಿದರು. ಹೆಡ್ಮಾಸ್ತರರು ದಿನಾಂಕ ಎಂದು ಪೂರ್ತಿ ಬರೆಯದೆ, ನಾವೆಲ್ಲ ಬರೆಯುವಂತೆ, 'ದಿ.' ಎಂದು ಬರೆದಿದ್ದರು. ಮುಂದಿನ ಅಂಕಿಗಳು ಮಡಿಕೆಯಲ್ಲಿ ಸವೆದುಹೋಗಿದ್ದವು. ಉಳಿದದ್ದು 'ದಿ.', ಅದರ ಪಕ್ಕದಲ್ಲಿ ಬಾಳವ್ವ. ಸತ್ತವರ ಹೆಸರಿನ ಹಿಂದೆಯೂ ನಾವು ಬರೆಯುವುದು ಅದೇ 'ದಿ.'

"ಯಂತ್ರ ಇದನ್ನ ಒಬ್ಬರಿಗೆ ಕೇಳಿರ್ತದ ಸರ್," ಎಂದಳು ರುಕ್ಸಾನಾ ಮೆಲ್ಲಗೆ. "ದಿನಾಂಕವೋ, ದಿವಂಗತವೋ ಅಂತ. ಎರಡು ಬಟನ್ ಇರ್ತಾವ."

"ನನಗ ಕೇಳಿತ್ತು," ಎಂದ ಮಾಲತೇಶ.

ಅವಳು ಸರ್ರನೆ ಅವನ ತೋಳು ಹಿಡಿದು ಮೆಟ್ಟಿಲ ಮೂಲೆಗೆ ಕರೆದೊಯ್ದಳು. "ಏನಂತ ಮಾತಾಡ್ತೀರಿ? ನೆನಪೈತಿ ಅಂದ್ರ ನಿಮ್ಮ ಕೆಲಸ ಹೋತು. ಇದನ್ನ ನಾ ಕೇಳಿಸಿಕೊಂಡಿಲ್ಲ."

ಆದರೆ ನೆನಪಿತ್ತು. ಮಾರ್ಚ್ ತಿಂಗಳ ಒಂದು ಮಂಗಳವಾರ. ಅದರ ಹಿಂದಿನ ದಿನ ಅವನು ರಜೆ ಹಾಕಿ, ಐದು ವರ್ಷದಿಂದ ಮುಟ್ಟದೆ ಇಟ್ಟಿದ್ದ ತನ್ನ ತಾಯಿಯ ಕಾಗದಗಳನ್ನು ಸ್ಕ್ಯಾನ್ ಮಾಡಿದ್ದ. ಅವಳು ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು. ಕಾಗದ ಬಹಳ ಇದ್ದವು. ಪ್ರತಿ ಕಾಗದಕ್ಕೂ ಕಪಾಟು ಕೇಳುತ್ತಿತ್ತು, ಈ ವ್ಯಕ್ತಿ ಇದ್ದಾರೆಯೇ, ದಿವಂಗತರೇ? ಅವನು ದಿವಂಗತ ಎಂದು ಒತ್ತುತ್ತಿದ್ದ. ನರ್ಸಿಂಗ್ ಪ್ರಮಾಣಪತ್ರ, ದಿವಂಗತ. ವರ್ಗಾವಣೆ ಆದೇಶ, ದಿವಂಗತ. ಮಗನ ಶಾಲೆಗೆಂದು ಬರೆದ ರಜಾ ಚೀಟಿ, ದಿವಂಗತ. ತೊಂಬತ್ತೇಳು ಸಲ. ಎದ್ದು ನೀರು ಕುಡಿಯಲೂ ಹೋಗಿರಲಿಲ್ಲ. ಮರುದಿನ ಪರದೆಯ ಮೇಲೆ ಹಸಿರು ಶಾಯಿಯ ಆ 'ದಿ.' ಬಂದಾಗ ಕೊಂಚ ಹೊತ್ತು ನೋಡಿದ್ದ. ಬಲಗಡೆ ಅಂಚಿನಲ್ಲಿ ಒಂದು ಸಣ್ಣ ಗೆರೆ ಇತ್ತು, ಕಲೆಯೋ ಅಂಕಿಯೋ ತಿಳಿಯದಂತೆ. ಬೆರಳು ಮಾತ್ರ ತನಗೆ ರೂಢಿಯಾದ ಕಡೆಗೇ ಹೋಗಿತ್ತು.

"ಓದುಗ ತನ್ನ ಓದನ್ನ ವಾಪಸ್ ತಗೊಬಹುದು ಅಂತ ನಿಯಮ ಐತೆಲ್ಲ?" ಎಂದ.

"ಐತಿ. ಯಾವ ಚೂರು ಅಂತ ಹೇಳಬೇಕು. ಹೇಳಿದ್ರ ನೆನಪೈತಿ ಅಂತಾತು. ಅದಕ್ಕ ಇಲ್ಲೀಮಟ ಯಾರೂ ತಗೊಂಡಿಲ್ಲ." ರುಕ್ಸಾನಾಳ ದನಿ ಸಣ್ಣದಾಯಿತು. "ನಾನ ಬರದ ನಿಯಮ ಸರ್ ಅದು. ಇಷ್ಟು ಚಂದ ಮುಚ್ಚೇನಿ ಅಂತ ಆಗ ಹೆಮ್ಮಿ ಇತ್ತು."

ಶುಕ್ರವಾರ ಮಧ್ಯಾಹ್ನ ಮಾಲತೇಶ ಬಾಳವ್ವನ ಜೊತೆ ಆಸ್ಪತ್ರೆಗೆ ಹೋದ. ಯಾಕೆ ಹೋಗುತ್ತಿದ್ದೇನೆಂದು ಅವನಿಗೇ ಸ್ಪಷ್ಟವಿರಲಿಲ್ಲ. ತನ್ನ ಬೆರಳು ಮುಟ್ಟಿದ್ದು ಎಲ್ಲಿಗೆ ಹೋಗಿ ತಾಗಿದೆ ಎಂದು ನೋಡಬೇಕೆನಿಸಿತ್ತು.

ಬಸ್ಸಿನಲ್ಲಿ ಅವಳೇ ಮಾತಾಡಿದಳು. "ನಿಮಗ ಮನ್ಯಾಗ ಯಾರದಾರ್ರಿ?"

"ಯಾರೂ ಇಲ್ಲ."

"ಲಗ್ನ?"

"ಆಗಲಿಲ್ಲ."

"ಮತ್ತ ಸಂಜಿ ಮುಂದ ಯಾರ ಕೂಡ ಮಾತಾಡ್ತೀರಿ?"

ಅವನು ಕಿಟಕಿಯ ಕಡೆ ನೋಡಿದ. ಅವಳು ಸೆರಗಿನಿಂದ ಎರಡು ಪೇರಲಹಣ್ಣು ತೆಗೆದು ಒಂದನ್ನು ಅವನ ತೊಡೆಯ ಮೇಲಿಟ್ಟಳು.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಹನಮಂತ ಸ್ಟೂಲಿನ ಮೇಲೆ ಕೂತಿದ್ದ. ಬಾಳವ್ವನನ್ನು ಕಂಡದ್ದೇ ಎದ್ದು ನಿಂತ.

"ಬಾಳಕ್ಕಾ, ಇವತ್ತೂ ಬಂದೇನು? ನೀ ಜೀವಂತ ಇದ್ದಿ ಅಂತ ನನಗ ಕಾಣಸ್ತೈತಿ. ಗೇಟಿಗೆ ಕಾಣಸಂಗಿಲ್ಲಲ್ಲ, ಏನ್ಮಾಡ್ಲಿ?"

"ನಿನ್ನ ಗೇಟಿನ ಕಣ್ಣಿಗೆ ಪೊರಿ ಬಂದೈತಿ, ತಮ್ಮಾ. ತೆಗಸು."

ಅವಳು ಬೇಲಿಯ ಉದ್ದಕ್ಕೂ ನಡೆದು ಒಂದು ಬೇವಿನ ಮರದ ಬುಡದಲ್ಲಿ ನಿಂತಳು. ತಂತಿಯ ಆಚೆ ಐವತ್ತು ಹೆಜ್ಜೆ ದೂರದಲ್ಲಿ ಆಸ್ಪತ್ರೆಯ ಪಡಸಾಲೆ. ಅಲ್ಲಿ ಹಾಕಿದ ಬಾಕಿನ ಮೇಲೆ ಒಬ್ಬ ಗಂಡಸು ಕೂತಿದ್ದ. ದೊಗಲೆ ಅಂಗಿ, ಮಡಿಲಲ್ಲಿ ಬಿದ್ದಂತಿದ್ದ ಎಡಗೈ.

"ಏ ಇವ್ನ!" ಎಂದು ಬಾಳವ್ವ ಕೂಗಿದಳು.

ಫಕ್ಕೀರಪ್ಪ ತಲೆಯೆತ್ತಿ ನೋಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಬಲಗೈಯಿಂದ ಎಡಗೈಯನ್ನು ನಿಧಾನವಾಗಿ ಮೇಲೆತ್ತಿ, ಎರಡನ್ನೂ ಜೋಡಿಸಿ, ಅವಳಿಗೆ ಕೈ ಮುಗಿದ. ಕಣ್ಣು ಮುಚ್ಚಿದ.

"ನೋಡಿದ್ರೇನ್ರಿ?" ಬಾಳವ್ವನ ದನಿಯಲ್ಲಿ ಈವರೆಗಿದ್ದ ನಗೆ ಒಂದಿಷ್ಟೂ ಉಳಿದಿರಲಿಲ್ಲ. "ನಾಕು ತಿಂಗಳಿಂದ ದಿನಾ ಹಿಂಗ. ಮೂವತ್ತು ವರ್ಷ ಸಂಸಾರ ಮಾಡೇವಿ, ಒಂದ ದಿನ ನನಗ ಕೈ ಮುಗಿದಾವ ಅಲ್ಲ. ಜಗಳ ಆಡಾವ. ಈಗ ದೇವ್ರಿಗೆ ಮುಗಿದಂಗ ಮುಗೀತಾನ. ಸತ್ತ ಹೇಣ್ತಿ ಕಾಣಿಸ್ಕೊಂತಾಳ ಅಂದ್ಕೊಂಡಾನ್ರಿ ಅವ. ನನ್ನ ಕೂಗೂ ಅವಗ ದೆವ್ವದ ಕೂಗ ಆಗೈತಿ."

ಮಾಲತೇಶ ತಂತಿಯನ್ನು ಹಿಡಿದುಕೊಂಡ. ಪಡಸಾಲೆಯಲ್ಲಿದ್ದವನು ಕಣ್ಣು ತೆರೆಯಲಿಲ್ಲ.

ಮರಳಿ ಬಂದವನೇ ರುಕ್ಸಾನಾಳ ಟೇಬಲ್ಲಿನ ಮುಂದೆ ನಿಂತು, ತಿದ್ದುಪಡಿ ಮಂಡಳಿಗೆ ಅರ್ಜಿ ಹಾಕಬೇಕು, ನಾಳೆಯೇ ವಿಚಾರಣೆ ಆಗಬೇಕು ಎಂದ. ಅವಳು ತಾನೇ ಕೂತು ಅರ್ಜಿ ತುಂಬಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಓದುಮನೆಯಲ್ಲಿ ಮಾಲತೇಶನ ಪರದೆಯ ಮೇಲೆ ಮಂಡಳಿಯ ಅಧಿಕಾರಿ ಕಾಣಿಸಿದರು. ಮೈಸೂರು ಕಡೆಯ ಮಾತಿನ, ನರೆತ ಕೂದಲಿನ ಹೆಂಗಸು. ಒರಟಾಗಿರಲಿಲ್ಲ. ಅದೇ ಮಾಲತೇಶನಿಗೆ ಕಷ್ಟವೆನಿಸಿತು. ಅವನು ಹಸಿರು ಶಾಯಿಯನ್ನು, ಚುಕ್ಕೆಯನ್ನು, ಅಂಚಿನ ಗೆರೆಯನ್ನು ವಿವರಿಸಿದ.

"ಅದು ಕಲೆ ಅಲ್ಲ. ಕನ್ನಡದ ಅಂಕಿಯೊಂದರ ತುದಿ. ತಾರೀಖು ಅಲ್ಲಿಂದಲೇ ಶುರುವಾಗಿತ್ತು. ನನ್ನ ಓದು ತಪ್ಪು. ಅದನ್ನು ವಾಪಸ್ ತಗೊಳ್ತೀನಿ."

"ನೋಡಿ ಮಾಲತೇಶ್ ಅವರೇ," ಎಂದರು ಅಧಿಕಾರಿ, "ಆ ದಿನ ನೀವು ದಿವಂಗತ ಅಂತ ಓದಿರೋ ಚೂರು ಮುನ್ನೂರ ಹನ್ನೊಂದಿದೆ. ಹಸಿರು ಶಾಯಿ ಅಂತ ನಿಮಗೆ ಆ ಹೆಂಗಸೇ ಹೇಳಿರಬಹುದಲ್ಲ? ಪಾಪ ಅಂತ ನೀವು ಬಂದಿರಬಹುದು. ನಾನು ಇದನ್ನ ಒಪ್ಪಿದರೆ ನಾಳೆ ನಿಜವಾಗಿ ಸತ್ತವರನ್ನೂ ಎಬ್ಬಿಸಿಕೊಂಡು ಬರ್ತಾರೆ."

"ಏನು ಮಾಡಬೇಕು, ಹೇಳ್ರಿ."

"ನಿಮಗೆ ನಿಜವಾಗ್ಲೂ ನೆನಪಿದೆ ಅಂತ ತೋರಿಸಬೇಕು. ಅದರ ಹಿಂದೆ ಮುಂದೆ ನೀವು ಓದಿದ ಚೂರುಗಳನ್ನ ಹೇಳಿ. ಅವು ಬೇರೆ ಬೇರೆಯವರದು, ಆ ಹೆಂಗಸಿಗೆ ಗೊತ್ತಿರೋಕೆ ಸಾಧ್ಯವಿಲ್ಲ." ಅವರು ಕನ್ನಡಕ ತೆಗೆದರು. "ಹೇಳಿದ ಮೇಲೆ ನನ್ನ ಕೈಲಿ ಏನೂ ಇರಲ್ಲ. ಅದು ನಿಮಗೆ ಗೊತ್ತಲ್ಲ?"

ರುಕ್ಸಾನಾ ಬಾಗಿಲ ಬಳಿ ನಿಂತಿದ್ದಳು. ಮಾಲತೇಶ ಅವಳ ಕಡೆ ನೋಡಲಿಲ್ಲ.

"ಅದರ ಹಿಂದಿನದು 'ತಲುಪಿತು.' ಸೀಸದ ಕಡ್ಡಿ. ಲಕಾರ ಅರ್ಧ ಅಳಿಸಿತ್ತು."

ಪರದೆಯ ಮೂಲೆಯಲ್ಲಿ ಹಸಿರು ದೀಪ ಹೊತ್ತಿತು. ಉಗ್ರಾಣ ಒಪ್ಪಿತ್ತು.

"ಅದಕ್ಕೂ ಹಿಂದಿನದು 'ಬಾಣಂತಿ.' ಅದರ ಹಿಂದೆ 'ಇನ್ನಾದರೂ.' ಅದರ ಮೇಲೆ ಎಣ್ಣೆ ಬಿದ್ದಿತ್ತು. ದಿ. ಆದ ಮೇಲೆ ಬಂದದ್ದು 'ನಿಮ್ಮಾಕಿ.' ಯಾರೋ ಹೆಂಗಸು ಪತ್ರದ ಕೊನೆಯಲ್ಲಿ ಬರೆದದ್ದಿರಬೇಕು. ಅಡಿಗೆರೆ ಎಳೆದಿದ್ದಳು, ಒಂದಲ್ಲ, ಎರಡು. ಆಮೇಲೆ 'ಹೊಲಿಗೆ ಯಂತ್ರ.' ಎರಡು ಪದ ಕೂಡಿ ಬಂದಿತ್ತು. ಕತ್ತರಿಸೋದ್ರಲ್ಲಿ ಯಂತ್ರ ತಪ್ಪಿತ್ತು."

ದೀಪ ಮಿನುಗುತ್ತಲೇ ಇತ್ತು. ಸಾಕು ಎನ್ನುವಂತೆ ಅಧಿಕಾರಿ ಕೈ ಎತ್ತಿದರು. ಅವನಿಗೆ ಕಾಣಿಸಲಿಲ್ಲವೋ, ಕಂಡರೂ ನಿಲ್ಲಿಸಲಾಗಲಿಲ್ಲವೋ.

"ಊಟಕ್ಕೆ ಏಳೋ ಮೊದಲು ಕೊನೆಯದು 'ಒಬ್ಬಾವನ.' ಬುಧವಾರ ಮೊದಲನೆಯದು 'ಕಾಯ್ತೀನಿ.' ಅದೇ ಕೈ ಅಲ್ಲ. ಶಾಯಿ ಬೇರೆ. ಆದರೆ ನಾನು ಸಂಜೆ ಕೂಡಿಸಿಕೊಂಡಿದ್ದೆ. ಕೂಡಿಸಿಕೊಳ್ತಿದ್ದೆ, ಮೇಡಂ, ದಿನಾ. ಯಾರಿಗೂ ಹೇಳಿಲ್ಲ. ಹೇಳೋಕೆ ಯಾರೂ ಇರಲಿಲ್ಲ."

ಬೆನ್ನು ಹಾಕಿ ಕೂತಿದ್ದ ಇಪ್ಪತ್ತೊಂದು ಜನರಲ್ಲಿ ಒಬ್ಬರೂ ಕೀ ಒತ್ತುತ್ತಿರಲಿಲ್ಲ.

"ಎಷ್ಟು ನೆನಪಿದೆ?" ಎಂದರು ಅಧಿಕಾರಿ, ಬಹಳ ಮೆಲ್ಲಗೆ.

"ಎಣಿಸಿಲ್ಲ."

ಅವರು ಏನೋ ಬರೆದರು. ಮಂಡಳಿ ಓದಿನ ವಾಪಸಾತಿಯನ್ನು ಒಪ್ಪಿತು. ಎಲ್ಲೋ ಒಂದು ಹಳೆಯ ಫೋನಿನಲ್ಲಿ ಒಂದು ಪದ ಕಳಚಿ ಬಿದ್ದು, ಅದರ ಜಾಗದಲ್ಲಿ ಇನ್ನೊಂದು ಕೂತಿತು. ಅದೇ ನಿಮಿಷದಲ್ಲಿ ಮಾಲತೇಶನ ಪರದೆ ಕಪ್ಪಾಯಿತು. ಅವನು ಟಿಫಿನ್ ಡಬ್ಬಿ ತೆಗೆದುಕೊಂಡು ಎದ್ದ. ಯಾರೂ ಮಾತಾಡುವಂತಿರಲಿಲ್ಲ. ಆದರೆ ಅವನು ದಾಟಿ ಹೋಗುವಾಗ ಸಾಲಿನ ಕೊನೆಯಲ್ಲಿದ್ದ ಹಿರಿಯ ಓದುಗಾರ್ತಿ ಕುರ್ಚಿಯನ್ನು ತಿರುಗಿಸಿ, ಅವನ ಮುಖವನ್ನೇ ನೋಡಿದಳು.

ರುಕ್ಸಾನಾ ಕೆಳಗಿನವರೆಗೂ ಬಂದಳು. "ಎಲ್ಲಿಗೆ ಹೋಗ್ತೀರಿ ಸರ್ ಈಗ?"

"ಗೇಟ್ ತೆರೀತದೋ ಇಲ್ಲೋ ನೋಡ್ತೀನಿ."

ಗೇಟ್ ತೆರೆಯಿತು. ಬಾಳವ್ವ ಹಿಟ್ಟು ತೊಳೆದ ಬೆರಳನ್ನು ಒತ್ತಿದ್ದೇ ತಡ, ಹಲಗೆ ತಾನಾಗಿ ಸರಿಯಿತು. ಹನಮಂತ ಚಪ್ಪಾಳೆ ಹೊಡೆದ.

"ಎದ್ದು ಬಂದ್ಯಲ್ಲ ಬಾಳಕ್ಕಾ! ಹೋಗು, ಹೋಗು."

ಅವಳು ಒಳಗೆ ಕಾಲಿಟ್ಟು ಹಿಂತಿರುಗಿದಳು. "ಬರ್ರಿ ಸಾಹೇಬ್ರ, ನೀವೂ ಬರ್ರಿ."

ಮಾಲತೇಶ ಹೆಜ್ಜೆ ಎತ್ತುವಷ್ಟರಲ್ಲಿ ಹಲಗೆ ಅರ್ಧಕ್ಕೆ ಮುಚ್ಚಿಕೊಂಡಿತು. ಹನಮಂತ ಮುಜುಗರದಿಂದ ಫೋನು ಹಿಡಿದು ಕೇಳಿದ. "ನೀವು ರೋಗಿಗೆ ಏನಾಗಬೇಕ್ರಿ? ಹಾಕಲಿಕ್ಕೆ ಬೇಕು."

"ನಮ್ಮ ಪೈಕಿ ಅಂತ ಹಾಕೋ," ಎಂದಳು ಬಾಳವ್ವ ಒಳಗಿನಿಂದ.

"ಹಂಗಂತ ಇಲ್ಲವಾ ಇದರಾಗ. ಅಣ್ಣ, ತಮ್ಮ, ಮಗ, ಅಳಿಯ, ಇಷ್ಟ ಐತಿ."

"ಅಳಿಯ ಅಂತ ಹಾಕು ಹಂಗಾರ!"

"ಸುಳ್ಳು ಹಾಕಬ್ಯಾಡ್ರಿ," ಎಂದ ಮಾಲತೇಶ. "ಏನೂ ಆಗಂಗಿಲ್ಲ ನಾ. ನೀ ಹೋಗವಾ, ಕಾಯ್ತಿರ್ತಾನ."

ಅವಳು ಒಂದು ಗಳಿಗೆ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಡಸಾಲೆಯ ಕಡೆಗೆ ನಡೆದಳು. ಮೊದಲು ನಡೆದಳು, ಅರ್ಧ ದಾರಿಯಿಂದ ಓಡಿದಳು.

ಮಾಲತೇಶ ಬೇಲಿಯುದ್ದಕ್ಕೂ ಬಂದು ಬೇವಿನ ಮರದ ಬಳಿ ನಿಂತ. ಬಾಳವ್ವ ಹತ್ತಿರ ಬರುತ್ತಿದ್ದುದನ್ನು ಕಂಡು ಫಕ್ಕೀರಪ್ಪ ಬಾಕಿನ ತುದಿಗೆ ಸರಿದು ಗೋಡೆಗೆ ಒತ್ತಿಕೊಂಡ. ಈ ಸಲ ಕೈ ಏಳಲಿಲ್ಲ. ಅವಳು ಒಂದು ಮೊಳ ದೂರದಲ್ಲಿ ನಿಂತಳು. ಮುಟ್ಟಲು ಹೋಗಲಿಲ್ಲ. ಅವನು ಅವಳ ಮುಖ ನೋಡಲಿಲ್ಲ. ಕುತ್ತಿಗೆಯನ್ನು ಕಷ್ಟಪಟ್ಟು ಬಗ್ಗಿಸಿ ಅವಳ ಕಾಲು ನೋಡಿದ. ಹಿಮ್ಮಡ ಹಿಂದಿದೆಯೋ, ಮುಂದಿದೆಯೋ ಎಂದು ನೋಡುತ್ತಿದ್ದಾನೆಂದು ಬಾಳವ್ವನಿಗೂ ಹೊಳೆದಿರಬೇಕು. ಸೀರೆಯನ್ನು ಗೇಣಷ್ಟು ಎತ್ತಿ, ಚಪ್ಪಲಿ ಕಳಚಿ, ಒಂದು ಪಾದವನ್ನು ಬಾಕಿನ ಮೇಲೆ ಅವನ ಪಕ್ಕದಲ್ಲೇ ಇಟ್ಟಳು.

ಅವನು ಬಲಗೈ ಚಾಚಿ ಹೆಬ್ಬೆರಳನ್ನು ಮುಟ್ಟಿದ. ಒಂದೊಂದೇ ಬೆರಳನ್ನು ಹಿಡಿದು ನೋಡುತ್ತ ಕಿರುಬೆರಳಿನವರೆಗೂ ಬಂದ. ಆಮೇಲೆ ಆ ಪಾದವನ್ನು ಬಾಕಿನಿಂದ ಕೆಳಗೆ ತಳ್ಳಿದ. ಜೋರಾಗಿ, ಸಿಟ್ಟಿನಿಂದ. ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದಿ ಎಂದು ಕೇಳುವ ಗಂಡಸಿನ ಸಿಟ್ಟು ಅದು. ಬಾಳವ್ವ ಗೊಳ್ಳನೆ ಅತ್ತದ್ದು ಬೇಲಿಯ ಈಚೆಗೂ ಕೇಳಿಸಿತು. ಅಳುತ್ತಲೇ ಅವನ ಪಕ್ಕ ಕೂತಳು. ಅವನ ಬಾಯಿಂದ ಹೊರಟ ಸದ್ದಿಗೆ ಅಕ್ಷರವಿರಲಿಲ್ಲ, ಆದರೆ ಜಗಳವೆಂದು ಯಾರಿಗಾದರೂ ತಿಳಿಯುವಂತಿತ್ತು. ಅವಳೂ ಮಾತಿಗೆ ಮಾತು ಕೊಡತೊಡಗಿದಳು.

ಹನಮಂತ ಬಂದು ಮಾಲತೇಶನ ಹಿಂದೆ ನಿಂತ. "ಭೇಟಿ ಹೊತ್ತು ಐದರತನಕ ಐತ್ರಿ. ಅಲ್ಲೀತನ ಹೊರಗ ನಿಂದರತೀರೇನು?"

"ನಿಂದರತೀನಿ," ಎಂದ ಅವನು.

"ಸ್ಟೂಲ್ ತರ್ಲಿ?"

ಮಾಲತೇಶ ಬೇಡವೆಂದು ತಲೆಯಾಡಿಸಿದ. ಹನಮಂತ ಹೋಗಿ ಸ್ಟೂಲನ್ನು ತಂದೇಬಿಟ್ಟ.